ಆಕಾಶ ತಿಳಿಯಾಗಿದೆ, ಗುರು ಯಾಕೆ ಕುದೀತಿದ್ದಾನೆ? — ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ಟೆಲಿಸ್ಕೋಪ್ ತಗೊಂಡ್ವಿ, ಹಿತ್ತಲಲ್ಲಿ ಇಟ್ವಿ, ಗ್ರಹ ಮಾತ್ರ ನೆಟ್ಟಗೆ ಕಾಣ್ತಿಲ್ಲ. ಕೆಲವರಿಗೆ ಕನ್ನಡಿ ಮೇಲೆ ಅನುಮಾನ, ಕೆಲವರಿಗೆ ಐಪೀಸ್ (ಕಣ್ಣಿಟ್ಟು ನೋಡೋ ಲೆನ್ಸ್) ಮೇಲೆ, ಒಬ್ಬರಂತೂ ಪಾಪ ತಮ್ಮ ಕಣ್ಣಿನ ಮೇಲೇನೇ ಅನುಮಾನ ಪಟ್ಟು ಡಾಕ್ಟರ್ ಹತ್ರ ಹೋಗಿ ಬಂದಿದ್ದಾರೆ (ಕನ್ನಡಕ ಬೇಡ ಅಂದ್ರಂತೆ, ಸಂತೋಷ). ಗಾಳಿ ಮೇಲೆ ಮಾತ್ರ ಯಾರೂ ಅನುಮಾನ ಪಟ್ಟಿಲ್ಲ. ಅದಕ್ಕೇ ಈ ಸಂಚಿಕೆಯ ಅಂಕಣ ಪೂರ್ತಿ ಗಾಳಿಗೇ ಬಿಟ್ಟುಕೊಟ್ಟಿದ್ದೀನಿ.

ಪ್ರಶ್ನೆ: ಮೇಷ್ಟ್ರೇ, ನನ್ನದು 150 ಮಿಲಿಮೀಟರ್ ಕನ್ನಡಿಯ ನ್ಯೂಟೋನಿಯನ್ ಟೆಲಿಸ್ಕೋಪ್, ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡೋ ಜಾಗದ ದೂರ) 1200 ಮಿಲಿಮೀಟರ್. ಮಳೆ ಬಂದು ನಿಂತ ಮಾರನೇ ರಾತ್ರಿ ಆಕಾಶ ತೊಳೆದಿಟ್ಟ ಹಾಗಿತ್ತು, ನಕ್ಷತ್ರ ಎಲ್ಲಾ ಫಳಫಳ ಅಂತಿದ್ವು, ಖುಷಿಯಿಂದ ಗುರು ಗ್ರಹಕ್ಕೆ ತಿರುಗಿಸಿದ್ರೆ ನೀರೊಳಗೆ ಬಿದ್ದ ಹಾಗೆ ಕುದೀತಿದೆ, ಪಟ್ಟೆ ಎಲ್ಲಾ ಕಲಸಿಹೋಗಿದೆ. ನಾಲ್ಕು ದಿನ ಬಿಟ್ಟು ಮಬ್ಬಾಗಿದ್ದ ಒಂದು ರಾತ್ರಿ, ನಕ್ಷತ್ರ ಹತ್ತಿಪ್ಪತ್ತು ಕಂಡ್ರೆ ಹೆಚ್ಚು, ಸುಮ್ನೆ ನೋಡೋಣ ಅಂತ ನೋಡಿದೆ, ಗುರು ಅಚ್ಚು ಹೊಡೆದ ಹಾಗೆ ನಿಂತಿತ್ತು. ಇದೇನು ಉಲ್ಟಾ? ಕನ್ನಡಿ ಡಿಫೆಕ್ಟಾ?

ಉತ್ತರ: ಕನ್ನಡಿ ಚೆನ್ನಾಗಿದೆ, ದಯವಿಟ್ಟು ಬಿಚ್ಚೋಕೆ ಹೋಗ್ಬೇಡಿ. ನಾನು ಮೊದಲನೇ ವರ್ಷ ಇದೇ ಅನುಮಾನದಲ್ಲಿ ಕನ್ನಡಿ ಬಿಚ್ಚಿ ಬಟ್ಟೇಲಿ ಒರೆಸಿ ಎರಡು ಗೀರು ಹಾಕಿಟ್ಟೆ, ಇವತ್ತಿಗೂ ಇದೆ. ಒಂದು ರಾತ್ರಿ ಅಚ್ಚು ಹೊಡೆದ ಹಾಗೆ ಕಾಣ್ತು ಅಂತ ನೀವೇ ಬರ್ದಿದ್ದೀರಲ್ಲ, ಕೆಟ್ಟ ಕನ್ನಡಿ ಆಗಿದ್ರೆ ಒಂದು ದಿನ ಚೆನ್ನಾಗಿ ಒಂದು ದಿನ ಕೆಟ್ಟದಾಗಿ ತೋರಿಸ್ತಿರ್ಲಿಲ್ಲ, ದಿನಾ ಕೆಟ್ಟದಾಗೇ ತೋರಿಸೋದು.

ಆಕಾಶ ತಿಳಿಯಾಗಿರೋದು ಬೇರೆ, ಗಾಳಿ ನಿಂತಿರೋದು ಬೇರೆ. ಒಂದು ತೊಟ್ಟಿ ನೀರಿನ ತಳದಲ್ಲಿ ನಾಣ್ಯ ಇದೆ ಅಂದ್ಕೊಳ್ಳಿ. ನೀರು ಗಾಜಿನಷ್ಟು ತಿಳಿ, ಆದ್ರೆ ಯಾರೋ ಕೈ ಆಡಿಸ್ತಿದ್ದಾರೆ, ಅಲೆ ಎದ್ದಿದೆ, ನಾಣ್ಯದ ಮೇಲಿನ ಅಕ್ಷರ ಓದೋಕಾಗಲ್ಲ. ಇನ್ನೊಂದು ತೊಟ್ಟಿಲಿ ನೀರು ಸ್ವಲ್ಪ ಬಗ್ಗಡ, ಆದ್ರೆ ಅಲುಗಾಡದೆ ನಿಂತಿದೆ, ನಾಣ್ಯ ಮಂಕಾದ್ರೂ ಅಕ್ಷರ ಓದಬಹುದು. ನೀವು ನೋಡಿದ ಮೊದಲ ರಾತ್ರಿ ಮೊದಲನೇ ತೊಟ್ಟಿ, ಎರಡನೇ ರಾತ್ರಿ ಎರಡನೇದು. ಈ ಅಲುಗಾಟದ ಲೆಕ್ಕಕ್ಕೆ ಟೆಲಿಸ್ಕೋಪ್ ಹಿಡಿದವರೆಲ್ಲಾ ಸೀಯಿಂಗ್ ಅಂತಾರೆ, ತಿಳಿಯ ಲೆಕ್ಕಕ್ಕೆ ಟ್ರಾನ್ಸ್‌ಪರೆನ್ಸಿ. ಮಂಕಾದ ಗೆಲಾಕ್ಸಿ, ನೆಬ್ಯುಲಾ ಹುಡುಕೋರಿಗೆ ತಿಳಿ ಬೇಕು. ಗ್ರಹಕ್ಕೆ ಬೆಳಕು ಬೇಕಾದಷ್ಟಿದೆ, ಅದಕ್ಕೆ ಬೇಕಾಗಿರೋದು ನಿಂತ ಗಾಳಿ.

ಅಲುಗಾಟ ಎಲ್ಲಿಂದ ಬರುತ್ತೆ ಅಂದ್ರೆ, ಬಿಸಿ ಗಾಳಿ ಬೆಳಕನ್ನ ಒಂದಷ್ಟು ಬಗ್ಗಿಸುತ್ತೆ, ತಣ್ಣನೆ ಗಾಳಿ ಅದಕ್ಕಿಂತ ಸ್ವಲ್ಪ ಹೆಚ್ಚು ಬಗ್ಗಿಸುತ್ತೆ, ಎರಡೂ ಕಲಸಿಕೊಳ್ಳೋ ಜಾಗದಲ್ಲಿ ಸಾವಿರಾರು ಸಣ್ಣಸಣ್ಣ ಕೆಟ್ಟ ಲೆನ್ಸ್ ಹುಟ್ಟಿ ಸಾಯ್ತಾ ಇರುತ್ತೆ. ಮಧ್ಯಾಹ್ನ ಕಾದ ರಸ್ತೆ ಮೇಲೆ ಬಿಸಿಲ್ಗುದುರೆ ಓಡೋದು ನೋಡಿರ್ತೀರಲ್ಲ, ರಾತ್ರಿ ತಲೆ ಮೇಲೂ ಅದೇ ಜಾತಿ ಕುದುರೆಗಳು ಓಡ್ತಿರ್ತವೆ, ಬರಿಗಣ್ಣಿಗೆ ಅದು ನಕ್ಷತ್ರದ ಮಿನುಗು, 150 ಪಟ್ಟು ದೊಡ್ಡದು ಮಾಡಿದ್ರೆ ಕುದಿಯೋ ಗುರು. ಮಳೆ ತಂದ ಗಾಳಿ ಧೂಳನ್ನೆಲ್ಲಾ ತೊಳ್ಕೊಂಡು ಹೋಗುತ್ತೆ ನಿಜ, ಆದ್ರೆ ಅದರ ಹಿಂದೆ ಮೇಲೆಕೆಳಗೆ ಗಾಳಿ ಇನ್ನೂ ಉರುಳ್ತಾ ಇರುತ್ತೆ. ಮಬ್ಬು ರಾತ್ರಿ ಮಬ್ಬಾಗಿರೋದೇ ಗಾಳಿ ಪದರಪದರವಾಗಿ ಅಲುಗಾಡದೆ ಕೂತಿರೋದ್ರಿಂದ, ಹೊಗೆ ಧೂಳು ಎಲ್ಲೂ ಹೋಗೋಕಾಗ್ದೆ ಕೆಳಗೇ ನಿಂತಿರುತ್ತೆ. ಹಾಗಾಗಿ ನೀವು ಕಂಡಿದ್ದು ಉಲ್ಟಾ ಅಲ್ಲ, ಸೀದಾನೇ. ಪ್ರತೀ ಮಬ್ಬು ರಾತ್ರಿ ಒಳ್ಳೇದು ಅಂತ ಇದರ ಅರ್ಥ ಅಲ್ಲ, ಮಬ್ಬು ಅಂತ ಟೆಲಿಸ್ಕೋಪ್ ಆಚೆ ತರದೆ ಇರಬೇಡಿ ಅಂತಷ್ಟೇ.

ಎಷ್ಟು ಸಣ್ಣ ಅಲುಗಾಟ ಇದು ಅಂತ ಒಂದು ಅಂದಾಜು ಕೊಡ್ತೀನಿ. ಒಂದು ಆರ್ಕ್ ಸೆಕೆಂಡ್ ಅಂದ್ರೆ 1 ಸೆಂಟಿಮೀಟರ್ ಅಗಲದ ಶರ್ಟ್ ಗುಂಡಿಯನ್ನ 2 ಕಿಲೋಮೀಟರ್ ದೂರದಲ್ಲಿಟ್ಟು ನೋಡಿದಷ್ಟು. ಗುರು ಹತ್ತಿರ ಬಂದಾಗ ಆಕಾಶದಲ್ಲಿ ಅವನ ಅಗಲ 45 ಆರ್ಕ್ ಸೆಕೆಂಡ್ ಆಸುಪಾಸು. ನಿಮ್ಮ 150 ಮಿಲಿಮೀಟರ್ ಕನ್ನಡಿ ಲೆಕ್ಕದ ಪ್ರಕಾರ 0.77 ಆರ್ಕ್ ಸೆಕೆಂಡ್ ತನಕ ಬಿಡಿಸಿ ತೋರಿಸಬೇಕು. ಆದ್ರೆ ಸಾಧಾರಣ ಹಿತ್ತಲಿನ ಸಾಧಾರಣ ರಾತ್ರಿಲಿ ಗಾಳಿ ಒಂದೊಂದೇ ಚುಕ್ಕೀನ 2-3 ಆರ್ಕ್ ಸೆಕೆಂಡ್ ಅಗಲಕ್ಕೆ ಬಳಿದುಬಿಡುತ್ತೆ. ಕುಣಿಯಕ್ಕೆ ಬಾರದೋಳು ನೆಲ ಡೊಂಕು ಅಂದ್ಲಂತೆ ಅಂತ ಗಾದೆ ಇದೆ, ಇಲ್ಲಿ ಮಾತ್ರ ನೆಲ ನಿಜವಾಗ್ಲೂ ಡೊಂಕು.

ಪ್ರಶ್ನೆ: ಬಾಕ್ಸ್ ಮೇಲೆ 300 ಪಟ್ಟು ಅಂತ ಹಾಕಿದ್ದಾರೆ ಸಾರ್, 4 ಮಿಲಿಮೀಟರ್ ಐಪೀಸ್ ಹಾಕಿದ್ರೆ ದೊಡ್ಡ ಮಸುಕು ಉಂಡೆ ಬಿಟ್ರೆ ಏನೂ ಇಲ್ಲ, 25 ಹಾಕಿದ್ರೆ ಚೆನ್ನಾಗಿದೆ ಆದ್ರೆ ಚಿಕ್ಕದು. ದುಬಾರಿ ಐಪೀಸ್ ತಗೊಂಡ್ರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಕನ್ನಡಿಯ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ಪಟ್ಟು ಅನ್ನೋದು ಕಾಗದದ ಮೇಲಿನ ಮಿತಿ, ಗಾಳಿ ಒಪ್ಪಿದ ದಿನ ಮಾತ್ರ ಅಲ್ಲಿಗೆ ಹೋಗಬಹುದು, ಅಂಥ ದಿನ ವರ್ಷಕ್ಕೆ ಬೆರಳೆಣಿಕೆ. ಫೋಕಲ್ ಲೆಂತನ್ನ ಐಪೀಸಿನ ಅಂಕಿಯಿಂದ ಭಾಗಿಸಿದ್ರೆ ಎಷ್ಟು ಪಟ್ಟು ಅಂತ ಸಿಗುತ್ತೆ, ನಿಮ್ಮದೂ 1200 ಫೋಕಲ್ ಲೆಂತ್ ಆಗಿದ್ರೆ 25ರ ಐಪೀಸ್ 48 ಪಟ್ಟು, 10ರದ್ದು 120, 6ರದ್ದು 200. ಕೆಳಗಿಂದ ಮೇಲಕ್ಕೆ ಹೋಗಿ, ಎಲ್ಲಿ ಹೊಸದೇನೂ ಕಾಣದೆ ಬರೀ ಗಾತ್ರ ಜಾಸ್ತಿ ಆಯ್ತೋ ಅಲ್ಲಿಂದ ಒಂದು ಮೆಟ್ಟಿಲು ಕೆಳಗೆ ಬಂದು ನಿಂತ್ಕೊಳ್ಳಿ, ಆ ರಾತ್ರಿಗೆ ಅದೇ ಸರಿ. ನಾನು ಬಹಳಷ್ಟು ಸಲ 120ರಿಂದ 160ರೊಳಗೇ ಇರ್ತೀನಿ. ಚಿಕ್ಕದು ಚಿಕ್ಕದು ಅಂತೀರಲ್ಲ, 48 ಪಟ್ಟಿನಲ್ಲಿ ಗುರು ಬರಿಗಣ್ಣಿಗೆ ಕಾಣೋ ಹುಣ್ಣಿಮೆ ಚಂದ್ರನಿಗಿಂತ ಸ್ವಲ್ಪ ದೊಡ್ಡದಾಗೇ ಇರ್ತಾನೆ! ಲೆಕ್ಕ ಹಾಕಿ ನೋಡಿ, 45 ಆರ್ಕ್ ಸೆಕೆಂಡ್ ಗುಣಿಸು 48, ಅಂದ್ರೆ 2160, ಚಂದ್ರ ಸುಮಾರು 1800. ಸುತ್ತ ಬರೀ ಕತ್ತಲೆ ಇರೋದ್ರಿಂದ ಕಣ್ಣು ಮೋಸ ಹೋಗುತ್ತೆ. ದುಡ್ಡಿನ ವಿಷಯ, ಕುದಿಯೋ ಗಾಳೀನ ದುಬಾರಿ ಐಪೀಸ್‌ನಲ್ಲಿ ನೋಡಿದ್ರೆ ಕುದಿಯೋ ಗಾಳೀನೇ ಇನ್ನೂ ಚೆನ್ನಾಗಿ ಕಾಣುತ್ತೆ.

ಪ್ರಶ್ನೆ: ಅಂಕಲ್, ನಾನು ಎಂಟನೇ ಕ್ಲಾಸ್. ನಮ್ಮಪ್ಪನ ಟೆಲಿಸ್ಕೋಪಲ್ಲಿ ಸಾಯಂಕಾಲ ಕೆಳಗೆ ಇರೋ ಶುಕ್ರ ನೋಡಿದ್ರೆ ಒಂದ್ ಕಡೆ ನೀಲಿ ಒಂದ್ ಕಡೆ ಕೆಂಪು ಬರುತ್ತೆ. ಶುಕ್ರಕ್ಕೆ ಬಣ್ಣ ಇದ್ಯಾ? ಅಪ್ಪ ಲೆನ್ಸ್ ಸರಿ ಇಲ್ಲ ಅಂತಾರೆ.

ಉತ್ತರ: ಪುಟ್ಟಾ, ಲೆನ್ಸೂ ಸರಿ ಇರಬಹುದು, ಶುಕ್ರನೂ ಬಿಳೀನೇ, ನೀನು ನೋಡಿದ್ದು ಭೂಮಿಯ ಗಾಳಿ ಮಾಡಿದ ಕಾಮನಬಿಲ್ಲು. ಗ್ರಹ ದಿಗಂತದ ಹತ್ರ ಇದ್ದಾಗ ಅದರ ಬೆಳಕು ಓರೆಯಾಗಿ, ದಪ್ಪ ಗಾಳಿ ದಾಟಿ ಬರಬೇಕು, ಆಗ ಇಡೀ ವಾತಾವರಣ ಒಂದು ಪ್ರಿಸಂ ಥರ ಕೆಲಸ ಮಾಡುತ್ತೆ. ನೀಲಿ ಹೆಚ್ಚು ಬಗ್ಗುತ್ತೆ, ಕೆಂಪು ಕಮ್ಮಿ ಬಗ್ಗುತ್ತೆ, ಅದಕ್ಕೇ ಆಕಾಶದ ಲೆಕ್ಕದಲ್ಲಿ ಮೇಲ್ಗಡೆ ಅಂಚು ನೀಲಿ, ಕೆಳಗಡೆ ಅಂಚು ಕೆಂಪು. ಟೆಲಿಸ್ಕೋಪ್ ತಲೆಕೆಳಗಾಗಿ ತೋರಿಸೋದಾದ್ರೆ ಇದೂ ತಲೆಕೆಳಗು. 30 ಡಿಗ್ರಿ ಎತ್ತರದಲ್ಲೇ ನೀಲಿಗೂ ಕೆಂಪಿಗೂ ಸುಮಾರು 2 ಆರ್ಕ್ ಸೆಕೆಂಡ್ ಅಂತರ ಬಂದುಬಿಡುತ್ತೆ, ಇನ್ನೂ ಕೆಳಗಿದ್ರೆ ಇನ್ನೂ ಜಾಸ್ತಿ. ಲೆನ್ಸ್ ತಪ್ಪಾ ಗಾಳಿ ತಪ್ಪಾ ಅಂತ ಅಪ್ಪನಿಗೆ ತೋರಿಸ್ಬೇಕಾ? ಅದೇ ಟೆಲಿಸ್ಕೋಪ್‌ನ ನೆತ್ತಿ ಹತ್ರ ಇರೋ ಒಂದು ಹೊಳೆಯೋ ನಕ್ಷತ್ರಕ್ಕೆ ತಿರುಗಿಸು. ಅಲ್ಲೂ ಸುತ್ತ ನೇರಳೆ ಬಳೆ ಇದ್ರೆ ಅದು ಲೆನ್ಸ್‌ದು, ಅದು ಎಲ್ಲಾ ಕಡೆ ಸಮ ಇರುತ್ತೆ. ಅಲ್ಲಿ ಬಣ್ಣ ಹೋಗಿದ್ರೆ ಗಾಳೀದು, ಅಪ್ಪನ ಹತ್ರ ಗೆದ್ದೆ ಅಂತ ಬರಿ. ಆದ್ರೆ ಸೂರ್ಯ ಪೂರ್ತಿ ಮುಳುಗೋ ತನಕ ಶುಕ್ರನ ಕಡೆ ಟೆಲಿಸ್ಕೋಪ್ ತಿರುಗಿಸಲೇಬೇಡ, ಅಪ್ಪ ಜೊತೇಲಿದ್ರೂ ಬೇಡ. ಒಂದು ಕ್ಷಣ ಸೂರ್ಯ ಟ್ಯೂಬಿಗೆ ಬಿದ್ರೆ ಕಣ್ಣು ಹೋಗುತ್ತೆ, ಇದರಲ್ಲಿ ತಮಾಷೆ ಇಲ್ಲ.

ದೊಡ್ಡವರಿಗೆ ಒಂದು ಮಾತು ಸೇರಿಸ್ತೀನಿ. ನೆತ್ತಿ ಮೇಲೆ ನೋಡಿದ್ರೆ ಒಂದು ಪಾಲು ಗಾಳಿ, 30 ಡಿಗ್ರಿಗೆ ಇಳಿದ್ರೆ ಎರಡು ಪಾಲು, 10 ಡಿಗ್ರಿಗೆ ಇಳಿದ್ರೆ ಐದೂವರೆ ಪಾಲು. ಗ್ರಹ ಹುಟ್ಟಿದ ತಕ್ಷಣ ನೋಡಿ ಬೇಜಾರಾಗಿ ಒಳಗೆ ಹೋಗೋರೇ ಜಾಸ್ತಿ, ಎರಡು ಮೂರು ಗಂಟೆ ಬಿಟ್ಟು ಬಂದು ನೋಡಿದ್ರೆ ಅದೇ ಗ್ರಹ ಬೇರೆ ಗ್ರಹದ ಹಾಗಿರುತ್ತೆ.

ಪ್ರಶ್ನೆ: ತಾರಸಿ ಮೇಲಿಂದ ನೋಡೋದು ಒಳ್ಳೇದಾ, ಕೆಳಗೆ ಹಿತ್ತಲಿಂದಾನಾ? ಚಳಿ ಅಂತ ಕಿಟಕಿ ತೆಗೆದು ರೂಮಿಂದಾನೇ ನೋಡಿದ್ರೆ ಆಗಲ್ವಾ? ಟೆಲಿಸ್ಕೋಪ್ ಎಷ್ಟು ಹೊತ್ತು ಮುಂಚೆ ಆಚೆ ಇಡ್ಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ.

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್, ಯಾಕಂದ್ರೆ ಗಾಳಿ ಅಂದ ತಕ್ಷಣ ಎಲ್ಲರೂ ಮೇಲೆ ನೋಡ್ತಾರೆ, ಅರ್ಧ ತೊಂದರೆ ಇರೋದು ಟ್ಯೂಬ್ ಒಳಗೆ ಮತ್ತೆ ಕಾಲ ಕೆಳಗೆ. ಮೇಲಿನ ತೊಂದರೆಗೆ, ಅಂದ್ರೆ 10-12 ಕಿಲೋಮೀಟರ್ ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅಂತ ಜೋರಾಗಿ ಓಡೋ ಗಾಳಿಗೆ, ನೀವು ನಾನು ಏನೂ ಮಾಡೋಕಾಗಲ್ಲ. ಹವಾಮಾನದ ಆ್ಯಪ್‌ಗಳಲ್ಲಿ ಅಷ್ಟೆತ್ತರದ ಗಾಳಿ ವೇಗ ತೋರಿಸೋವು ಇದ್ದಾವೆ, ಅದು ಜೋರಾಗಿದ್ದ ದಿನ ಹೆಚ್ಚು ಆಸೆ ಇಟ್ಕೋಬೇಡಿ. ಕೆಳಗಿನದ್ದಕ್ಕೆ ಮಾತ್ರ ಬೇಕಾದಷ್ಟು ಮಾಡಬಹುದು.

ಕಾಂಕ್ರೀಟ್ ತಾರಸಿ ಇಡೀ ದಿನ ಬಿಸಿಲು ಕುಡಿದು ರಾತ್ರಿಯೆಲ್ಲಾ ಆ ಬಿಸೀನ ಕಕ್ಕುತ್ತೆ. ಅದರ ಮೇಲೆ ಟೆಲಿಸ್ಕೋಪ್ ಇಡೋದು ಒಲೆ ಮೇಲಿಟ್ಟ ಹಾಗೆ. ಹುಲ್ಲು, ಮಣ್ಣು ಬೇಗ ತಣ್ಣಗಾಗುತ್ತೆ, ಹಾಗಾಗಿ ನನ್ನ ಓಟು ಹಿತ್ತಲಿಗೇ, ಮರ ಅಡ್ಡ ಬರದಿದ್ರೆ. ತಾರಸಿ ಬಿಟ್ರೆ ಬೇರೆ ಜಾಗ ಇಲ್ಲ ಅನ್ನೋರು ನಡುರಾತ್ರಿ ದಾಟಿದ ಮೇಲೆ ನೋಡಿ, ಅಷ್ಟೊತ್ತಿಗೆ ಅದೂ ಸುಸ್ತಾಗಿರುತ್ತೆ. ಅಕ್ಕಪಕ್ಕದ ಮನೆ ಛಾವಣಿ, ನಿಲ್ಲಿಸಿದ ಕಾರಿನ ಬಾನೆಟ್, ಎಸಿಯ ಆಚೆ ಯೂನಿಟ್, ಇವುಗಳ ನೆತ್ತಿ ಮೇಲಿಂದ ಗ್ರಹ ನೋಡಬೇಡಿ. ನಾನು ಒಂದಿಡೀ ವಾರ ಶನಿ ರಾತ್ರಿ ಹತ್ತು ಗಂಟೆಗೆ ಸರಿಯಾಗಿ ಕೆಡ್ತಾನೆ, ಹನ್ನೊಂದೂವರೆಗೆ ಸರಿಹೋಗ್ತಾನೆ ಅಂತ ನೋಟ್‌ಬುಕ್ಕಲ್ಲಿ ಬರ್ಕೊಂಡು ತಲೆ ಕೆಡಿಸ್ಕೊಂಡಿದ್ದೆ, ಏನೋ ದೊಡ್ಡದು ಕಂಡುಹಿಡಿದೆ ಅನ್ನೋ ಥರ. ಆಮೇಲೆ ನೋಡಿದ್ರೆ ಆ ಒಂದೂವರೆ ಗಂಟೆ ಶನಿ ಸರಿಯಾಗಿ ಪಕ್ಕದ ಮನೆ ಎಸಿ ಯೂನಿಟ್ ಮೇಲಿಂದ ಹಾದುಹೋಗ್ತಿದ್ದ. ಟೆಲಿಸ್ಕೋಪ್‌ನ ಹತ್ತು ಹೆಜ್ಜೆ ಈಚೆ ಇಟ್ಟೆ, ಸಂಶೋಧನೆ ಮುಗೀತು.

ಕಿಟಕಿ ಅಂತೂ ಬೇಡ್ವೇ ಬೇಡ. ಒಳಗಿನ ಬೆಚ್ಚನೆ ಗಾಳಿ ಹೊರಗಿನ ತಣ್ಣನೆ ಗಾಳಿ ಸೇರೋ ಜಾಗವೇ ಕಿಟಕಿ, ಅದರೊಳಗಿಂದ ನೋಡೋದು ಅಂದ್ರೆ ಗಲಾಟೆಯ ಮಧ್ಯ ನಿಂತು ಗುಟ್ಟು ಕೇಳಿಸ್ಕೊಳ್ಳೋ ಹಾಗೆ. ಗಾಜು ಮುಚ್ಚಿ ನೋಡಿದ್ರೆ ಇನ್ನೂ ಕೆಟ್ಟದ್ದು.

ಇನ್ನು ಟ್ಯೂಬ್. ಒಳಗಿಂದ ತಂದ ಕನ್ನಡಿ ಹೊರಗಿನ ಗಾಳಿಗಿಂತ ಬೆಚ್ಚಗಿರುತ್ತೆ, ಅದರ ಮುಖದ ಮೇಲೆ ಬಿಸಿ ಗಾಳಿಯ ಒಂದು ತೆಳು ಪದರ ತೆವಳ್ತಾ ಇರುತ್ತೆ, ಟ್ಯೂಬ್ ಉದ್ದಕ್ಕೂ ಹೊಗೆ ಥರ ಮೇಲೆ ಹೋಗುತ್ತೆ. ನಿಮ್ಮದು 150 ಮಿಲಿಮೀಟರ್ ಆದ್ರೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮುಂಚೆ ಆಚೆ ಇಡಿ, 250 ಅಂಥದ್ದಾದ್ರೆ ಇನ್ನೂ ಜಾಸ್ತಿ, ಮುಂದೆ ಗಾಜು ಮುಚ್ಚಿರೋ ಮ್ಯಾಕ್ಸುಟೊವ್ ಥರದ್ದಾದ್ರೆ ಬಿಸಿ ಗಾಳಿಗೆ ಹೋಗೋಕೆ ದಾರಿನೇ ಇಲ್ಲ, ಇನ್ನೂ ತಾಳ್ಮೆ ಬೇಕು. ಕನ್ನಡಿ ಹಿಂದೆ ಕಂಪ್ಯೂಟರ್‌ದು ಒಂದು ಚಿಕ್ಕ ಫ್ಯಾನ್ ಕಟ್ಟಿದ್ರೆ ಸಮಯ ಉಳಿಯುತ್ತೆ, ಅಲುಗಾಟ ಬರದ ಹಾಗೆ ರಬ್ಬರ್ ಬ್ಯಾಂಡಲ್ಲಿ ನೇತುಹಾಕಿ.

ತಪ್ಪು ಯಾರದ್ದು ಅಂತ ಹಿಡಿಯೋಕೆ ಒಂದು ಉಪಾಯ ಇದೆ. ಒಂದು ಹೊಳೆಯೋ ನಕ್ಷತ್ರಕ್ಕೆ ತಿರುಗಿಸಿ, 120 ಪಟ್ಟಿನ ಹತ್ರ ಇಟ್ಟು ಬೇಕಂತಲೇ ಫೋಕಸ್ ಕೆಡಿಸಿ, ನಕ್ಷತ್ರ ದೊಡ್ಡ ಬಿಳೀ ತಟ್ಟೆ ಆಗುತ್ತೆ. ಈಗ ನಿಮ್ಮ ಕೈಯನ್ನ ಟ್ಯೂಬಿನ ಬಾಯಿ ಮುಂದೆ ಹಿಡೀರಿ, ಬೆರಳಿನ ನೆರಳಿಂದ ಬಿಸಿ ಏಳೋದು ಆ ತಟ್ಟೇಲಿ ಉರಿ ಎದ್ದ ಹಾಗೆ ಕಾಣುತ್ತೆ, ಮೊದಲ ಸಲ ನೋಡಿದಾಗ ಮೈ ಜುಮ್ಮಂದಿತ್ತು ನನಗೆ. ಕೈ ತೆಗೆದ ಮೇಲೂ ಸೋಮಾರಿಯಾಗಿ ಅದೇ ದಿಕ್ಕಿಗೆ ಹೊಗೆ ಸುತ್ತಾ ಇದ್ರೆ ಕನ್ನಡಿ ಇನ್ನೂ ಬಿಸಿ, ಕಾಯಿರಿ. ತಟ್ಟೆ ಮೇಲೆ ತೊರೆ ಹರಿದ ಹಾಗೆ ಒಂದೇ ದಿಕ್ಕಿಗೆ ಸರಸರ ಓಡ್ತಾ ಇದ್ರೆ ಅದು ಮೇಲಿನ ಗಾಳಿ, ಅದಕ್ಕೆ ಮದ್ದಿಲ್ಲ.

ಪ್ರಶ್ನೆ: ಸಿಟೀಲಿ ಇದ್ದೀವಿ, ಬೀದಿ ದೀಪ ಕಣ್ಣಿಗೆ ಹೊಡೆಯುತ್ತೆ, ಹುಣ್ಣಿಮೆ ಬೇರೆ. ಗ್ರಹ ನೋಡೋದು ವೇಸ್ಟಾ?

ಉತ್ತರ: ವೇಸ್ಟ್ ಅಲ್ವೇ ಅಲ್ಲ. ಗುರು, ಶನಿ, ಮಂಗಳ, ಶುಕ್ರ ಇವರ ಮೇಲೆ ಬೀದಿ ದೀಪದ ಆಟ ನಡೆಯಲ್ಲ. ದೀಪ ನೇರ ಕಣ್ಣಿಗೆ ಬೀಳದ ಹಾಗೆ ತಲೆ ಮೇಲೆ ಒಂದು ಟವೆಲ್ ಹೊದ್ಕೊಳ್ಳಿ, ಅಷ್ಟು ಸಾಕು.

ಪ್ರಶ್ನೆ: ಶನಿ ಉಂಗುರದ ಮಧ್ಯ ಇರೋ ಕಪ್ಪು ಸಂದು ಕೆಲವು ವರ್ಷದ ಹಿಂದೆ ಚೆನ್ನಾಗಿ ಕಂಡಿತ್ತು. 2025ರಲ್ಲಿ ಎಷ್ಟು ಒಳ್ಳೇ ರಾತ್ರಿ ನೋಡಿದ್ರೂ ಸಂದು ಇರ್ಲಿ, ಉಂಗುರವೇ ಒಂದು ಗೆರೆ ಆಗಿತ್ತು. ಇದಕ್ಕೂ ಗಾಳೀನೇ ಕಾರಣ ಅಂತೀರಾ?

ಉತ್ತರ: ಇದೊಂದರಲ್ಲಿ ಗಾಳಿ ನಿರಪರಾಧಿ. ಸೂರ್ಯನ ಸುತ್ತ ಒಂದು ಸುತ್ತು ಬರೋಕೆ ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು, ಅಷ್ಟರಲ್ಲಿ ಎರಡು ಸಲ ಉಂಗುರ ನಮಗೆ ಅಂಚು ತೋರಿಸುತ್ತೆ, 2025ರ ಮಾರ್ಚ್ 23ಕ್ಕೆ ಹಾಗೇ ಆಯ್ತು. ಈಗ ವರ್ಷದಿಂದ ವರ್ಷಕ್ಕೆ ಮತ್ತೆ ತೆರ್ಕೊಳ್ತಾ ಹೋಗುತ್ತೆ. ನೀವು ಹೇಳೋ ಸಂದು ಕ್ಯಾಸಿನಿ ಅನ್ನೋ ಖಗೋಳ ವಿಜ್ಞಾನಿ 1675ರಲ್ಲಿ ಕಂಡಿದ್ದು, ಸುಮಾರು 4800 ಕಿಲೋಮೀಟರ್ ಅಗಲ, ಆದ್ರೂ ಇಲ್ಲಿಂದ ನೋಡಿದ್ರೆ ಅತಿ ಅಗಲ ಇರೋ ಎರಡು ತುದಿಗಳಲ್ಲೂ ಮುಕ್ಕಾಲು ಆರ್ಕ್ ಸೆಕೆಂಡ್ ಆಸುಪಾಸು ಅಷ್ಟೇ. ಅದಕ್ಕೇ ಸೀಯಿಂಗ್ ಅಳೆಯೋಕೆ ಅದು ಒಳ್ಳೇ ಅಳತೆಗೋಲು, ಉಂಗುರ ತೆರೆದಿರೋ ವರ್ಷಗಳಲ್ಲಿ ನಾನು ಮೊದಲು ನೋಡೋದೇ ಅದನ್ನ. ಎರಡು ತುದೀಲಿ ಸಂದು ನಿಂತು ಕಂಡ್ರೆ ಕುರ್ಚಿ ತರ್ತೀನಿ, ಬಂದುಬಂದು ಹೋದ್ರೆ ನಿಂತೇ ನೋಡ್ತೀನಿ.

ಪ್ರಶ್ನೆ: ಗಾಳಿ ಒಳ್ಳೇದಿದೆ, ಕೆಟ್ಟದಿದೆ ಅಂತ ಬಾಯಲ್ಲಿ ಹೇಳೋದು ಬಿಟ್ಟು ಬರ್ದಿಡೋಕೆ ಏನಾದ್ರೂ ಕ್ರಮ ಇದ್ಯಾ ಸಾರ್? ಆಮೇಲೆ ಇಷ್ಟೆಲ್ಲಾ ಬರೆಯೋದ್ರಿಂದ ಏನು ಉಪಯೋಗ?

ಉತ್ತರ: ಇದೆ. ಆಂಟೋನಿಯಾಡಿ ಸ್ಕೇಲ್ ಅಂತ, ಒಂದರಿಂದ ಐದು. ಒಂದು ಅಂದ್ರೆ ಚೂರೂ ನಡುಕ ಇಲ್ಲ. ಎರಡು ಅಂದ್ರೆ ಸಣ್ಣ ಅಲೆ, ನಡುನಡುವೆ ಕೆಲವು ಸೆಕೆಂಡ್ ಪೂರ್ತಿ ಶಾಂತ. ಮೂರು ಸಾಧಾರಣ, ನಡುಕ ದೊಡ್ಡದು. ನಾಲ್ಕು ಅಂದ್ರೆ ಬಿಡುವಿಲ್ಲದ ಕಾಟ. ಐದಕ್ಕೆ ಒಂದು ಒರಟು ಚಿತ್ರ ಬರೆಯೋಕೂ ಆಗಲ್ಲ. ಹತ್ತು ಮೆಟ್ಟಿಲಿನ ಪಿಕರಿಂಗ್ ಸ್ಕೇಲ್ ಅಂತ ಇನ್ನೊಂದಿದೆ, ಅದರಲ್ಲಿ ಉಲ್ಟಾ, ಹತ್ತೇ ಒಳ್ಳೇದು, ಎರಡನ್ನೂ ಕಲಸ್ಕೊಂಡು ಬರೆದ್ರೆ ನೋಟ್‌ಬುಕ್ ಹಾಳು. ನಾನು ಐದರದ್ದೇ ಬಳಸ್ತೀನಿ, ನಡುರಾತ್ರೀಲಿ ಐದಕ್ಕಿಂತ ಮೇಲೆ ಎಣಿಸೋ ತಲೆ ಇರಲ್ಲ.

ಉಪಯೋಗ ಏನು ಅಂದ್ರಲ್ಲ, ಈ ಐದರ ಸ್ಕೇಲಿನ ಯಜಮಾನ ಆಂಟೋನಿಯಾಡಿಯ ಕಥೆಯೇ ಉತ್ತರ. 1877ರಲ್ಲಿ ಇಟಲಿಯ ಶಿಯಾಪರೆಲ್ಲಿ 22 ಸೆಂಟಿಮೀಟರ್ ಟೆಲಿಸ್ಕೋಪಲ್ಲಿ ಮಂಗಳದ ಮೇಲೆ ಗೆರೆಗಳನ್ನ ನೋಡಿ ಕೆನಾಲಿ ಅಂತ ಬರೆದ, ಇಟಾಲಿಯನ್‌ನಲ್ಲಿ ಅದಕ್ಕೆ ತಾನಾಗೇ ಆದ ಹಳ್ಳ, ಕಂದರ ಥರದ ಅರ್ಥಾನೂ ಇದೆ, ಇಂಗ್ಲಿಷಿಗೆ ಹೋಗೋವಾಗ ಅದು ಯಾರೋ ತೋಡಿದ ನಾಲೆ ಆಗಿಬಿಡ್ತು. ಪರ್ಸಿವಲ್ ಲೊವೆಲ್ 1894ರಲ್ಲಿ ಅಮೆರಿಕದ ಫ್ಲ್ಯಾಗ್‌ಸ್ಟಾಫ್‌ನಲ್ಲಿ, ಗಾಳಿ ಚೆನ್ನಾಗಿದೆ ಅಂತಾನೇ ಜಾಗ ಆರಿಸಿ, ವೀಕ್ಷಣಾಲಯ ಕಟ್ಟಿ, ನೂರಾರು ನಾಲೆ ಬರೆದು, ಮಂಗಳದ ಜನ ನೀರು ಹಾಯಿಸ್ತಿದ್ದಾರೆ ಅಂತ ಜಗತ್ತಿಗೆಲ್ಲಾ ಸಾರಿದ. ಸೀಯಿಂಗಿನ ಬೆಲೆ ಗೊತ್ತಿದ್ದ ಮನುಷ್ಯನೇ ಹೀಗೆ ಮಾಡಿದ್ದು ನೋಡಿ, ನನಗೆ ಅದೇ ಸೋಜಿಗ. 1909ರ ಸೆಪ್ಟೆಂಬರಲ್ಲಿ ಆಂಟೋನಿಯಾಡಿ ಪ್ಯಾರಿಸ್ ಹತ್ರ ಮ್ಯೂಡಾನ್‌ನ 83 ಸೆಂಟಿಮೀಟರ್ ಲೆನ್ಸಿನ ದೊಡ್ಡ ಟೆಲಿಸ್ಕೋಪಿಗೆ ಕಣ್ಣಿಟ್ಟ, ಗಾಳಿ ಅವತ್ತು ಅಪರೂಪಕ್ಕೆ ನಿಂತಿತ್ತು, ಗೆರೆಗಳಿದ್ದ ಜಾಗದಲ್ಲೆಲ್ಲಾ ಒಡೆದೊಡೆದ ಮಚ್ಚೆ, ಚುಕ್ಕೆ, ಎಳೆಎಳೆಯಾದ ಕಲೆ. ಗೆರೆ ಎಳೆದಿದ್ದು ಕಣ್ಣು ಮತ್ತೆ ಮಿದುಳು, ಅರೆಬರೆ ಕಂಡ ಚುಕ್ಕೆಗಳನ್ನ ಸೇರಿಸಿಬಿಟ್ಟಿತ್ತು. 1965ರಲ್ಲಿ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕದಲ್ಲೇ ಹಾದುಹೋಗಿ ಫೋಟೋ ಕಳಿಸಿದಾಗ ಇದ್ದಿದ್ದು ಕುಳಿಗಳು, ನಾಲೆ ಒಂದೂ ಇಲ್ಲ.

ಹಾಗಾಗಿ ನಿಮ್ಮ ಚಿತ್ರದ ಪಕ್ಕ ತಾರೀಕು, ಗಂಟೆ, ಎಷ್ಟು ಪಟ್ಟು, ಸೀಯಿಂಗ್ ಎಷ್ಟು, ಇಷ್ಟು ಬರೀರಿ. ಸೀಯಿಂಗ್ ನಾಲ್ಕು ಇದ್ದ ದಿನ ಗುರು ಮೇಲೆ ಏನೋ ಸಣ್ಣ ಕಪ್ಪು ಚುಕ್ಕೆ ಕಂಡೆ ಅಂದ್ರೆ ನಾನು ನಂಬಲ್ಲ, ನೀವೂ ನಂಬಬೇಡಿ. ಎರಡು ಇದ್ದ ದಿನ ಕಂಡೆ ಅಂದ್ರೆ ಅದು ಗುರುವಿನ ಯಾವುದೋ ಉಪಗ್ರಹದ ನೆರಳಿರಬಹುದು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಜರುಗಿರುತ್ತೆ.

ಪ್ರಶ್ನೆ: ಹಿತ್ತಲಲ್ಲೇ ತೆಗೆದಿದ್ದು ಅಂತ ಜನ ಹಾಕೋ ಗುರು ಫೋಟೋ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅವರ ಹಿತ್ತಲಲ್ಲಿ ಗಾಳಿ ಇಲ್ವಾ?

ಉತ್ತರ: ಇದೆ, ಆದ್ರೆ ಅವರದ್ದು ಒಂದು ಫೋಟೋ ಅಲ್ಲ. ಸಣ್ಣ ವಿಡಿಯೋ ಕ್ಯಾಮೆರಾ ಐಪೀಸ್ ಜಾಗದಲ್ಲಿಟ್ಟು ಸೆಕೆಂಡಿಗೆ ನೂರರ ಲೆಕ್ಕದಲ್ಲಿ, ಒಟ್ಟು ಸಾವಿರಾರು ಫ್ರೇಮ್ ತೆಗೀತಾರೆ. ಒಂದೊಂದು ಫ್ರೇಮೂ ಸೆಕೆಂಡಿನ ನೂರನೇ ಒಂದು ಭಾಗದಷ್ಟು, ಆ ಗಳಿಗೇಲಿ ಗಾಳಿ ಅಲುಗಾಡೋಕೂ ಪುರುಸೊತ್ತಿಲ್ಲ, ನಿಂತ ಹಾಗೇ ಇರುತ್ತೆ. ಆಮೇಲೆ ಆಟೋಸ್ಟ್ಯಾಕರ್ಟ್ ಅಂಥ ಸಾಫ್ಟ್‌ವೇರ್ ಎಲ್ಲಾ ಫ್ರೇಮ್ ಜರಡಿ ಹಿಡಿದು, ಚೆನ್ನಾಗಿರೋ ಹತ್ತೋ ಇಪ್ಪತ್ತೋ ಪರ್ಸೆಂಟ್ ಆರಿಸಿ ಒಂದರ ಮೇಲೊಂದು ಕೂರಿಸುತ್ತೆ, ಮಿಕ್ಕಿದ್ದು ಹೊಟ್ಟು. ವಿಡಿಯೋ ಎರಡು ಮೂರು ನಿಮಿಷ ದಾಟೋ ಹಾಗಿಲ್ಲ, ಗುರು 10 ಗಂಟೆಗೂ ಕಮ್ಮಿ ಹೊತ್ತಲ್ಲಿ ಒಂದು ಸುತ್ತು ತಿರುಗಿಬಿಡ್ತಾನೆ, ಮೂರು ನಿಮಿಷಕ್ಕೇ ಅವನ ನಡುವಿನ ಮಚ್ಚೆ 0.7 ಆರ್ಕ್ ಸೆಕೆಂಡ್ ಜರುಗಿರುತ್ತೆ.

ಕ್ಯಾಮೆರಾ ಇಲ್ದೆ ನಿಮ್ಮ ಕಣ್ಣೂ ಇದನ್ನೇ ಮಾಡಬಲ್ಲದು, ಹೊತ್ತು ಕೊಟ್ರೆ. ಐಪೀಸಿಗೆ ಕಣ್ಣಿಟ್ಟು ಎರಡು ನಿಮಿಷಕ್ಕೇ ಎದ್ದುಬಿಟ್ರೆ ಕಾಣೋದು ಸರಾಸರಿ ಮಸುಕು. ಇಪ್ಪತ್ತು ನಿಮಿಷ ಕೂತ್ರೆ ಮಧ್ಯೆ ಒಂದು ಸೆಕೆಂಡ್, ಎರಡು ಸೆಕೆಂಡ್, ಯಾರೋ ಪರದೆ ಎಳೆದ ಹಾಗೆ ಎಲ್ಲಾ ನಿಲ್ಲುತ್ತೆ, ಪಟ್ಟೆಯ ಅಂಚಿನಲ್ಲಿ ಗಂಟುಗಂಟು, ಗುರುವಿನ ದೊಡ್ಡ ಕೆಂಪು ಮಚ್ಚೆಯ ಸುತ್ತ ಬಿಳಿ ಗುಳಿ, ಅಯ್ಯೋ ಅನ್ನೋಷ್ಟರಲ್ಲಿ ಮುಚ್ಚಿಹೋಗುತ್ತೆ. ಆ ಕಂಡಿದ್ದನ್ನ ಹಿಡ್ಕೊಂಡು ಮುಂದಿನ ಸೆಕೆಂಡಿಗೆ ಕಾಯೋದೇ ಕೆಲಸ.

ಆಸ್ಟ್ರೇಲಿಯಾದ ಆಂಟನಿ ವೆಸ್ಲಿ ಅನ್ನೋ ಹವ್ಯಾಸಿ 2009ರ ಜುಲೈ 19ರ ರಾತ್ರಿ ಸುಮಾರು 37 ಸೆಂಟಿಮೀಟರ್ ಟೆಲಿಸ್ಕೋಪಲ್ಲಿ ಗುರು ಚಿತ್ರ ತೆಗೀತಿದ್ರು, ನಡುರಾತ್ರಿ ಹೊತ್ತಿಗೆ ಸೀಯಿಂಗ್ ಕೆಟ್ಟು ಇವತ್ತಿಗೆ ಸಾಕು ಅಂತ ಮುಚ್ಚೋ ಯೋಚನೆ ಮಾಡಿ, ಆಮೇಲೆ ಇನ್ನೊಂದು ಸ್ವಲ್ಪ ಹೊತ್ತು ಅಂತ ಮುಂದುವರಿಸಿದ್ರು. ಗುರುವಿನ ದಕ್ಷಿಣ ಧ್ರುವದ ಹತ್ರ ಒಂದು ಕಪ್ಪು ಕಲೆ ತಿರುಗಿ ಬಂತು, ಉಪಗ್ರಹದ ನೆರಳಾ ಅಂತ ನೋಡಿದ್ರೆ ಅಲ್ಲ. ಏನೋ ಒಂದು ಬಂದು ಗುರುವಿಗೆ ಗುದ್ದಿತ್ತು! 1994ರಲ್ಲಿ ಶೂಮೇಕರ್-ಲೆವಿ 9 ಧೂಮಕೇತು ತುಂಡುಗಳು ಬಿದ್ದು ಸರಿಯಾಗಿ 15 ವರ್ಷ ಆಗಿತ್ತು. ಹವಾಯಿಯ ನಾಸಾ ಟೆಲಿಸ್ಕೋಪ್ ಆಮೇಲೆ ನೋಡಿ ಹೌದು ಅಂತು. ಅವರು ಅವತ್ತು ಗಾಳಿ ಕೆಟ್ಟಿದೆ ಅಂತ ಮಲಗಿದ್ದಿದ್ರೆ ಏನಾಗ್ತಿತ್ತು ಅಂತ ನನಗೆ ಆಗಾಗ ಅನ್ಸುತ್ತೆ, ಹೆಚ್ಚಾಗಿ ನಾನೇ ಮುಚ್ಚಿಡೋಕೆ ಹೊರಟಾಗ.

ಪ್ರಶ್ನೆ: ಬೆಳಗಿನ ಜಾವ ಗ್ರಹ ತುಂಬಾ ಶಾರ್ಪ್ ಇರುತ್ತೆ ಅಂತ ಎದ್ದು ನೋಡಿದೆ, ನಿಜ, ಆದ್ರೆ ಅರ್ಧ ಗಂಟೇಲಿ ಎಲ್ಲಾ ಮಂಜು. ಗಾಳಿ ಕೆಡ್ತಾ?

ಉತ್ತರ: ಗಾಳಿ ಅಲ್ಲ, ಇಬ್ಬನಿ. ಐಪೀಸ್ ಮೇಲೆ ಟಾರ್ಚ್ ಬಿಟ್ಟು ನೋಡಿ. ಬಟ್ಟೇಲಿ ಒರೆಸಬೇಡಿ (ನನ್ನ ಗೀರು ನೆನಪಿರಲಿ), ಐಪೀಸನ್ನ ಜೇಬಲ್ಲಿಟ್ಟು ಬೆಚ್ಚಗೆ ಮಾಡಿ, ಎರಡು ಐಪೀಸ್ ಇದ್ರೆ ಒಂದು ಹೊರಗೆ ಒಂದು ಜೇಬಲ್ಲಿ. ಲೆನ್ಸ್ ಟೆಲಿಸ್ಕೋಪ್ ಆದ್ರೆ ಮುಂದಕ್ಕೆ ದಪ್ಪ ಕಪ್ಪು ಹಾಳೆ ಸುತ್ತಿ ಉದ್ದ ಕೊಳವೆ ಮಾಡಿ.

ಪ್ರಶ್ನೆ: ಗ್ರಹ ಮಿನುಗಲ್ಲ, ನಕ್ಷತ್ರ ಮಾತ್ರ ಮಿನುಗೋದು ಅಂತ ಸ್ಕೂಲಲ್ಲಿ ಓದಿದ್ವಿ. ನಿನ್ನೆ ಸಾಯಂಕಾಲ ಮುಳುಗ್ತಿದ್ದ ಶುಕ್ರ ಕೆಂಪು ಹಸಿರು ಅಂತ ಚೆನ್ನಾಗೇ ಮಿನುಗ್ತು, ಪಕ್ಕದ ಮನೆಯವರು ಡ್ರೋನ್ ಅಂತ ವಾದಕ್ಕೆ ಬಂದ್ರು. ಯಾರು ಸರಿ?

ಉತ್ತರ: ಸ್ಕೂಲೂ ಸರಿ, ನೀವೂ ಸರಿ, ಪಕ್ಕದ ಮನೆಯವರು ಮಾತ್ರ ಸೋತ್ರು. ನಕ್ಷತ್ರ ನಮಗೆ ಒಂದೇ ಚುಕ್ಕೆ, ಗಾಳಿಯ ಒಂದು ಅಲೆ ಸಾಕು ಅದನ್ನ ಅತ್ತಿತ್ತ ತಳ್ಳೋಕೆ. ಗ್ರಹ ಒಂದು ಪುಟ್ಟ ತಟ್ಟೆ, ಅದರ ಒಂದು ಚೂರು ಮಂಕಾದ ಹೊತ್ತಿಗೆ ಇನ್ನೊಂದು ಚೂರು ಹೊಳೆದು ಒಟ್ಟು ಲೆಕ್ಕ ಸಮ ಆಗುತ್ತೆ. ದಿಗಂತದ ಹತ್ರ ಗಾಳಿ ಅಷ್ಟು ದಪ್ಪ ಇದ್ದಾಗ ಆ ಲೆಕ್ಕವೂ ತಪ್ಪುತ್ತೆ. ಇವತ್ತು ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೇ, ಶುಕ್ರ ಇನ್ನೂ ಮೇಲಿರುವಾಗ, ಅವರನ್ನ ಕರೆದು ಟೆಲಿಸ್ಕೋಪಲ್ಲಿ ತೋರಿಸಿ. ಡ್ರೋನಿಗೆ ಚಂದ್ರನ ಹಾಗೆ ಬಿದಿಗೆ ತದಿಗೆ ಇರಲ್ಲ.